ದೇವರು ಬದಲಾದರೆ ಕೇರಿ ಬದಲಾಯಿತೇ?

ಈ ದೇಶದಲ್ಲಿ ಹೊಲೆಯನೊಬ್ಬ, ಮಾದಿಗನೊಬ್ಬ ಏಸುವನ್ನು ನಂಬಿ ದೀಕ್ಷಾಸ್ನಾನ ಪಡೆದ ದಿನದಿಂದ ಸರ್ಕಾರದ ಪುಸ್ತಕದಲ್ಲಿ ಅವನು ಹೊಲೆಯನಲ್ಲ, ಮಾದಿಗನಲ್ಲ. ಊರ ಗೌಡನ ಲೆಕ್ಕದಲ್ಲಿ ಮಾತ್ರ ಅವನು ನಿನ್ನೆ ಏನಾಗಿದ್ದನೋ ಇವತ್ತೂ ಅದೇ. ಹೋಟೆಲಿನಲ್ಲಿ ಅವನಿಗೆ ಕೊಡುವ ಲೋಟ ಅದೇ, ಕೂಲಿ ಅದೇ, ಮನೆ ಇರುವ ಕೇರಿ ಅದೇ. ಬದಲಾದದ್ದು ಎರಡೇ. ಒಂದು, ಅವನು ಕೈಮುಗಿಯುವ ದೇವರು. ಇನ್ನೊಂದು, ತಹಶೀಲ್ದಾರ್ ಕಚೇರಿಯಲ್ಲಿ ಅವನಿಗೆ ಸಿಗುತ್ತಿದ್ದ ಜಾತಿ ಸರ್ಟಿಫಿಕೇಟು. ದೇವರು ಬಂದ, ಕಾಗದ ಹೋಯಿತು. ಜಾತಿ ಮಾತ್ರ ಎಲ್ಲಿತ್ತೋ ಅಲ್ಲೇ ಕೂತಿದೆ.

ಈ ಕಾಗದ ಹೋಗುವ ಭಯಕ್ಕೆ ನಮ್ಮ ಜನ ಎರಡು ಹೆಸರಿನ ಬಾಳು ಬಾಳುತ್ತಿದ್ದಾರೆ. ಶಾಲೆಯ ದಾಖಲೆಯಲ್ಲಿ ಯಲ್ಲಪ್ಪ, ಪ್ರಾರ್ಥನೆಯಲ್ಲಿ ಯೋಹಾನ. ರೇಷನ್ ಕಾರ್ಡಿನಲ್ಲಿ ಮಾರಮ್ಮ, ಚರ್ಚಿನಲ್ಲಿ ಮರಿಯಮ್ಮ. ಬೀದರ್ ಸೀಮೆಯ ಹಳ್ಳಿಗಳಲ್ಲಿ ಇದನ್ನು ನೋಡಬಹುದು, ಕೋಲಾರ ಚಿನ್ನದ ಗಣಿಯ ಲೈನುಗಳಲ್ಲಿ ನೋಡಬಹುದು. ವಿಚಾರಣೆಗೆ ಸಾಹೇಬರು ಬರ್ತಾರೆ ಅಂದರೆ ಗೋಡೆ ಮೇಲಿನ ಶಿಲುಬೆ ಇಳಿಸೋದು, ಅವರು ಜೀಪು ಹತ್ತಿದ ಮೇಲೆ ಮತ್ತೆ ಏರಿಸೋದು. ನಂಬಿದ ದೇವರನ್ನ ಕಳ್ಳಮಾಲಿನ ಹಂಗೆ ಬಚ್ಚಿಡಬೇಕು. ಇದನ್ನು ಕಂಡು ಮೇಲ್ಜಾತಿಯ ಮಹನೀಯರು, ನೋಡಿ ಹೆಂಗೆ ಸರ್ಕಾರಕ್ಕೆ ಮೋಸ ಮಾಡ್ತಾರೆ ಅನ್ನುತ್ತಾರೆ. ಮೋಸ ಯಾರದು ಎಂದು ಕೇಳುವುದಕ್ಕೇ ಈ ಸಲ ನಾವು ಬರೆಯುತ್ತಿದ್ದೇವೆ.

ಮೊದಲೇ ಒಂದು ಮಾತು ಹೇಳಿಬಿಡುತ್ತೇವೆ. ನಾವು ಯಾರನ್ನೂ ಚರ್ಚಿಗೆ ಕರೆಯುತ್ತಿಲ್ಲ, ಯಾರನ್ನೂ ಚರ್ಚಿನಿಂದ ಹೊರಗೆ ಎಳೆಯುತ್ತಲೂ ಇಲ್ಲ. ನಮ್ಮಲ್ಲಿ ಬುದ್ಧನ ಹಾದಿ ಹಿಡಿದವರಿದ್ದಾರೆ, ಮನೆದೇವರನ್ನು ಬಿಡದವರಿದ್ದಾರೆ, ಯಾವ ದೇವರೂ ಬೇಡ ಎಂದವರೂ ಇದ್ದಾರೆ. ದೇವರು ಅವರವರ ಮನೆಯ ವಿಚಾರ. ಜಾತಿ ಹಾಗಲ್ಲ. ಅದು ಬೀದಿಯ ವಿಚಾರ, ಬಾವಿಯ ವಿಚಾರ, ಭೂಮಿಯ ವಿಚಾರ. ಮನೆಯೊಳಗಿನ ದೇವರನ್ನು ನೋಡಿ ಬೀದಿಯ ಹಕ್ಕನ್ನು ಕೊಡುವುದೋ ಕೀಳುವುದೋ ಎಂದು ತೀರ್ಮಾನಿಸುವ ಅಧಿಕಾರ ಸರ್ಕಾರಕ್ಕೆ ಎಲ್ಲಿಂದ ಬಂತು?

2025ರ ಸೆಪ್ಟೆಂಬರಿನಲ್ಲಿ ನಮ್ಮ ರಾಜ್ಯದ ಹಿಂದುಳಿದ ವರ್ಗಗಳ ಆಯೋಗ ಮನೆ ಮನೆ ಸಮೀಕ್ಷೆಗೆ ಹೊರಟಾಗ ಏನಾಯಿತು ಎಂಬುದು ಎಲ್ಲರಿಗೂ ನೆನಪಿದೆ. ಜಾತಿಗಳ ಪಟ್ಟಿಯಲ್ಲಿ ಹಿಂದೂ ಜಾತಿಗಳ ಹೆಸರಿನ ಜೊತೆಗೆ 'ಕ್ರಿಶ್ಚಿಯನ್' ಎಂದು ಸೇರಿಸಿದ ಹೆಸರುಗಳಿದ್ದವು. ಒಂದೇ ಗದ್ದಲ. ಕ್ರಿಶ್ಚಿಯನ್ನರಲ್ಲಿ ಜಾತಿ ಎಲ್ಲಿದೆ ಎಂದು ಅಬ್ಬರಿಸಿದವರು ಯಾರು? ತಮ್ಮ ಧರ್ಮದಲ್ಲಿ ಜಾತಿ ಇದ್ದೂ ಇಲ್ಲ ಅನ್ನುವವರು! ಕೊನೆಗೆ ಆ ಹೆಸರುಗಳನ್ನು ಗಣತಿದಾರರ ಪಟ್ಟಿಯಲ್ಲಿ ಕಾಣದಂತೆ ಮಾಡಿದರು. ಪಟ್ಟಿಯಿಂದ ಹೆಸರು ಮರೆಯಾಯಿತು, ಮನುಷ್ಯ ಮರೆಯಾದನೇ? ಮಾದಿಗ ಕ್ರಿಶ್ಚಿಯನ್ ಎಂದು ಬರೆಸಲು ಬಾಯಿ ತೆರೆದವನಿಗೆ, ನೀನು ಇಲ್ಲವೇ ಇಲ್ಲ ಎಂದ ಹಾಗಾಯಿತು. ಎಣಿಕೆಗೇ ಸಿಗದವನಿಗೆ ಪಾಲು ಕೊಡುವವರು ಯಾರು?

ಇದರ ಬೇರು ಹಳೆಯದು. ಬ್ರಿಟಿಷರ ಕಾಲದ 1936ರ ಪರಿಶಿಷ್ಟ ಜಾತಿಗಳ ಆದೇಶವೇ ಭಾರತೀಯ ಕ್ರೈಸ್ತರನ್ನು ಪಟ್ಟಿಯ ಹೊರಗೆ ಇಟ್ಟಿತ್ತು. ಸ್ವಾತಂತ್ರ್ಯ ಬಂತು, ಸಂವಿಧಾನ ಬಂತು. ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ತೊಡೆದುಹಾಕುವಾಗ ಯಾವ ಧರ್ಮದ ಹೆಸರನ್ನೂ ಹೇಳಲಿಲ್ಲ. ಪರಿಶಿಷ್ಟ ಜಾತಿಗಳನ್ನು ಗೊತ್ತುಮಾಡುವ 341ನೇ ವಿಧಿಯಲ್ಲೂ ಧರ್ಮದ ಮಾತಿಲ್ಲ. ಆದರೆ 1950ರ ಆಗಸ್ಟ್ 10ರಂದು ಬಂದ ರಾಷ್ಟ್ರಪತಿಗಳ ಆದೇಶದ ಮೂರನೇ ಪ್ಯಾರಾದಲ್ಲಿ ಗೇಟು ಹಾಕಿದರು. ಹಿಂದೂ ಅಲ್ಲದವನು ಪರಿಶಿಷ್ಟ ಜಾತಿಯವನಲ್ಲ ಎಂದರು. 1956ರಲ್ಲಿ ಸಿಖ್ಖರಿಗೆ ಗೇಟು ತೆಗೆಯಿತು. 1990ರಲ್ಲಿ ಬೌದ್ಧರಿಗೆ ತೆಗೆಯಿತು. ಕ್ರೈಸ್ತ ದಲಿತರಿಗೆ, ಮುಸ್ಲಿಂ ದಲಿತರಿಗೆ ಮಾತ್ರ ಬೀಗ ಹಾಕಿದ್ದು ಹಾಕಿದ ಹಾಗೇ ಉಳಿಯಿತು.

ಇದರಲ್ಲಿ ನ್ಯಾಯದ ಗಂಧವೂ ಇಲ್ಲ ಅನ್ನುವುದಕ್ಕೆ ಎರಡು ಉದಾಹರಣೆ ಸಾಕು. ಪರಿಶಿಷ್ಟ ಪಂಗಡದವನು ಕ್ರಿಶ್ಚಿಯನ್ ಆದರೂ ಪರಿಶಿಷ್ಟ ಪಂಗಡದವನೇ, ಅವನಿಗೆ ಈ ಧರ್ಮದ ಷರತ್ತು ಇಲ್ಲ. ಇದು ಸರಿಯಾಗಿಯೇ ಇದೆ, ಹೀಗೇ ಇರಬೇಕು. ಹಾಗಾದರೆ ಪರಿಶಿಷ್ಟ ಜಾತಿಯವನಿಗೆ ಯಾಕೆ ಬೇರೆ ತಕ್ಕಡಿ? ಎರಡನೆಯದು ಇನ್ನೂ ಸೊಗಸು. ಕ್ರಿಶ್ಚಿಯನ್ ಆದವನು, ಅವನ ಮಕ್ಕಳು ಮತ್ತೆ ಹಿಂದೂ ಧರ್ಮಕ್ಕೆ ವಾಪಸ್ ಬಂದರೆ, ಜಾತಿಯವರು ಸೇರಿಸಿಕೊಂಡರೆ, ಪರಿಶಿಷ್ಟ ಜಾತಿಯ ಹಕ್ಕೂ ವಾಪಸ್ ಸಿಗುತ್ತದೆ ಎಂದು 2015ರಲ್ಲಿ ಸುಪ್ರೀಂ ಕೋರ್ಟೇ ಹೇಳಿತು. ಹೋದಾಗ ಹೋಗುತ್ತೆ, ಬಂದಾಗ ಬರುತ್ತೆ. ಅಲ್ಲ ಸ್ವಾಮಿ, ನಡುವೆ ಆ ಜಾತಿ ಎಲ್ಲಿ ಹೋಗಿತ್ತು? ನೆಂಟರ ಮನೆಗೆ ಹೋಗಿತ್ತೇ? ಜಾತಿ ಅವನ ಬೆನ್ನು ಬಿಟ್ಟಿರಲೇ ಇಲ್ಲ, ಅದಕ್ಕೇ ವಾಪಸ್ ಬಂದಾಗ ಗುರುತು ಸಿಕ್ಕಿತು.

ಸೂಸೈ ಎಂಬುವರ ಕೇಸು ನಮ್ಮವರೆಲ್ಲ ತಿಳಿಯಬೇಕಾದದ್ದು. ಮದರಾಸಿನ ರಸ್ತೆ ಬದಿಯಲ್ಲಿ ಕೂತು ಚಪ್ಪಲಿ ಹೊಲಿಯುತ್ತಿದ್ದ ಆದಿ ದ್ರಾವಿಡ ಆತ. ಕ್ರೈಸ್ತ. ಹೀಗೆ ರಸ್ತೆಯಲ್ಲಿ ಕೂರುವ ಚಮ್ಮಾರರಿಗೆ ಪುಕ್ಕಟೆ ಪೆಟ್ಟಿಗೆ ಅಂಗಡಿ ಕೊಡುವ ಯೋಜನೆ ಬಂತು. ಹಿಂದೂ ಚಮ್ಮಾರರಿಗೆ ಸಿಕ್ಕಿತು, ಈತನಿಗೆ ಇಲ್ಲ. ಅದೇ ಬಿಸಿಲು, ಅದೇ ಚರ್ಮ, ಅದೇ ಉಳಿ, ಆದರೂ ಇಲ್ಲ. ಆತ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದರು. 1985ರ ಸೆಪ್ಟೆಂಬರ್ 30ರಂದು ಅರ್ಜಿ ವಜಾ ಆಯಿತು. ಕ್ರೈಸ್ತ ಸಮಾಜದೊಳಗೂ ಜಾತಿಯ ಬಾಧೆ ಅಷ್ಟೇ ತೀವ್ರವಾಗಿ ಉಳಿದಿದೆ ಎಂದು ತೋರಿಸುವ ಅಧಿಕೃತ ಸಾಕ್ಷ್ಯ ಸಾಲದು ಎಂದಿತು ಕೋರ್ಟು. ಗೆಳೆಯರೇ, ಯೋಚನೆ ಮಾಡಿ. ರಸ್ತೆಯಲ್ಲಿ ಕೂತು ಮಂದಿಯ ಕೆರ ಹೊಲಿಯುವ ಮನುಷ್ಯನೇ ಎದುರಿಗಿರುವಾಗ ಅವನ ಜಾತಿಗೆ ಬೇರೆ ಸಾಕ್ಷಿ ಬೇಕಾಯಿತು.

ಆಮೇಲೆ ಸಾಕ್ಷ್ಯವೇನೂ ಬರಲಿಲ್ಲವೇ? ಬಂತು. ಮಂಡಲ್ ಆಯೋಗವೇ 1980ರ ವರದಿಯಲ್ಲಿ ಮತಾಂತರದಿಂದ ಜಾತಿ ಅಳಿಯುವುದಿಲ್ಲ ಎಂಬುದನ್ನು ಗುರುತಿಸಿತ್ತು. ನ್ಯಾಯಮೂರ್ತಿ ರಂಗನಾಥ ಮಿಶ್ರಾ ಆಯೋಗ 2007ರಲ್ಲಿ ವರದಿ ಕೊಟ್ಟು, 1950ರ ಆದೇಶದ ಮೂರನೇ ಪ್ಯಾರಾವನ್ನು ತೆಗೆದುಹಾಕಿ ಎಂದಿತು. 2008ರಲ್ಲಿ ರಾಷ್ಟ್ರೀಯ ಅಲ್ಪಸಂಖ್ಯಾತರ ಆಯೋಗಕ್ಕಾಗಿ ಪ್ರೊಫೆಸರ್ ಸತೀಶ್ ದೇಶಪಾಂಡೆ ಮಾಡಿದ ಅಧ್ಯಯನವೂ ಈ ದಲಿತರನ್ನು ಹೊರಗಿಡಲು ಬಲವಾದ ಕಾರಣ ಕಾಣಲಿಲ್ಲ. 2022ರ ನವೆಂಬರಿನಲ್ಲಿ ಕೇಂದ್ರ ಸರ್ಕಾರ ಸುಪ್ರೀಂ ಕೋರ್ಟಿಗೆ ಹೇಳಿದ್ದೇನು? ಮಿಶ್ರಾ ವರದಿ ದೋಷದ್ದು, ಕ್ರೈಸ್ತ ಧರ್ಮದಲ್ಲಿ ಅಸ್ಪೃಶ್ಯತೆ ಇಲ್ಲ ಎಂದು. ಅದಕ್ಕೆ ಒಂದು ತಿಂಗಳು ಮುಂಚೆ ಅದೇ ಸರ್ಕಾರ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ಅವರ ನೇತೃತ್ವದಲ್ಲಿ ಇನ್ನೊಂದು ಆಯೋಗ ನೇಮಿಸಿತ್ತು. ಎರಡು ವರ್ಷದ ಅವಧಿ ಕೊಟ್ಟರು, ಮುಗಿಯುವಾಗ ವಿಸ್ತರಿಸಿದರು. ಒಂದು ವರದಿ ಬೇಡವಾದರೆ ಇನ್ನೊಂದು ಆಯೋಗ. ಈ ನಡುವೆ ಒಂದು ತಲೆಮಾರಿನ ಮಕ್ಕಳು ಓದುವ ವಯಸ್ಸು ದಾಟಿದರು.

ಸರ್ಕಾರದ ವಾದ ಇಷ್ಟೇ: ಬೈಬಲಿನಲ್ಲಿ ಜಾತಿ ಇಲ್ಲ, ಆದ್ದರಿಂದ ಕ್ರಿಶ್ಚಿಯನ್ನರಲ್ಲಿ ಜಾತಿ ಇಲ್ಲ. ಸರಿ, ಗುರು ಗ್ರಂಥ ಸಾಹಿಬಿನಲ್ಲಿ ಜಾತಿ ಇದೆಯೇ? ಬುದ್ಧನ ಧಮ್ಮದಲ್ಲಿ ಇದೆಯೇ? ಅವರಿಗೆ ಕೊಟ್ಟಿರಿ, ಕೊಡಲೇಬೇಕಾಗಿತ್ತು. ಗ್ರಂಥದಲ್ಲಿ ಏನಿದೆ ಎಂದು ನೋಡಿ ಮನುಷ್ಯನ ಸ್ಥಿತಿಯನ್ನು ಅಳೆಯುವುದಾದರೆ ಈ ದೇಶದಲ್ಲಿ ಅತ್ಯಾಚಾರವೂ ಇಲ್ಲ, ಕೊಲೆಯೂ ಇಲ್ಲ, ಯಾಕೆಂದರೆ ದಂಡಸಂಹಿತೆಯಲ್ಲಿ ಅವೆಲ್ಲ ತಪ್ಪು ಅಂತ ಬರೆದಿದೆ! ಇನ್ನು ನಮ್ಮ ರಾಜ್ಯ ಸರ್ಕಾರವನ್ನೇ ನೋಡಿ. ಕ್ರೈಸ್ತ ಧರ್ಮಕ್ಕೆ ಹೋದ ಪರಿಶಿಷ್ಟ ಜಾತಿಯವರನ್ನು ಹಿಂದುಳಿದ ವರ್ಗಗಳ ಪ್ರವರ್ಗ 1ರಲ್ಲಿ ಸೇರಿಸಿದೆ. ಅಂದರೆ ಅವರು ಹಿಂದುಳಿದವರು ಎಂಬುದೂ ಗೊತ್ತು, ಯಾವ ಕೇರಿಯಿಂದ ಬಂದವರು ಎಂಬುದೂ ಗೊತ್ತು. ಆದರೆ ಹಲವಾರು ಸಣ್ಣ ಜಾತಿಗಳ ಜೊತೆ ಶೇಕಡಾ 4ರೊಳಗೆ ಹಂಚಿಕೊಂಡು ಸುಮ್ಮನಿರಿ ಅನ್ನುತ್ತಾರೆ. ವಿಧಾನಸಭೆಯ ಮೀಸಲು ಕ್ಷೇತ್ರವಿಲ್ಲ, ದೌರ್ಜನ್ಯ ತಡೆ ಕಾಯ್ದೆಯ ಆಸರೆಯಿಲ್ಲ.

ಈ ಕಾಯ್ದೆಯ ಮಾತು ಬಂತಲ್ಲ, ಅದೇ ಎಲ್ಲಕ್ಕಿಂತ ಕ್ರೂರ. ಆಂಧ್ರದ ಗುಂಟೂರು ಜಿಲ್ಲೆಯ ಪಾಸ್ಟರೊಬ್ಬರು ತಮ್ಮನ್ನು ಜಾತಿ ಹಿಡಿದು ಬೈದು ಹೊಡೆದರು ಎಂದು ದೂರು ಕೊಟ್ಟಿದ್ದರು. 2025ರ ಏಪ್ರಿಲ್ 30ರಂದು ಆಂಧ್ರ ಹೈಕೋರ್ಟು, ಕ್ರೈಸ್ತನಾದವನಿಗೆ ಈ ಕಾಯ್ದೆಯ ರಕ್ಷಣೆ ಇಲ್ಲ ಎಂದು ಆ ಕೇಸನ್ನು ಕಿತ್ತುಹಾಕಿತು. ಹೊಡೆಯುವವನು ನೀನು ಯಾವ ಚರ್ಚಿಗೆ ಹೋಗ್ತೀಯಾ ಅಂತ ಕೇಳಿ ಹೊಡೆಯುತ್ತಾನೆಯೇ? ಅವನಿಗೆ ಬೇಕಾಗಿರುವುದು ಕೇರಿಯ ಗುರುತು ಮಾತ್ರ. ಇದಕ್ಕೂ ಮುಂಚೆ 2024ರ ನವೆಂಬರ್ 26ರಂದು, ಅದೂ ಸಂವಿಧಾನ ದಿನದಂದೇ, ಸುಪ್ರೀಂ ಕೋರ್ಟು ಪುದುಚೇರಿಯ ಹೆಣ್ಣುಮಗಳೊಬ್ಬಳ ಅರ್ಜಿ ತಳ್ಳಿಹಾಕಿತು. ಗುಮಾಸ್ತೆಯ ನೌಕರಿಗೆ ಜಾತಿ ಸರ್ಟಿಫಿಕೇಟು ಕೇಳಿದ್ದಳು. ಕೂಸಾಗಿದ್ದಾಗ ಜ್ಞಾನಸ್ನಾನ ಆಗಿತ್ತು, ಚರ್ಚಿಗೆ ಹೋಗುತ್ತಿದ್ದಳು ಎಂಬುದು ಅವಳ ವಿರುದ್ಧ ಸಾಕ್ಷಿಯಾಯಿತು. ನಂಬಿಕೆ ಇಲ್ಲದೆ ಮೀಸಲಾತಿಗಾಗಿ ಹಿಂದೂ ಎಂದು ಹೇಳಿಕೊಳ್ಳುವುದು ಸಂವಿಧಾನಕ್ಕೆ ಮಾಡುವ ವಂಚನೆ ಎಂದರು. ನಾವು ಕೋರ್ಟನ್ನು ಗೌರವದಿಂದಲೇ ಕೇಳುತ್ತೇವೆ: ದೇವರನ್ನು ಬಚ್ಚಿಟ್ಟರೆ ಮಾತ್ರ ಅನ್ನ ಎಂದು ಬರೆದ ಆದೇಶ ಜನಕ್ಕೆ ಮಾಡಿದ ವಂಚನೆ ಅಲ್ಲವೇ?

ಸಾರ್ವಜನಿಕ ಬದುಕಿನಲ್ಲಿ ಕ್ರೈಸ್ತ ನಂಬಿಕೆಗೆ ಜಾಗ ಎಲ್ಲಿ ಎಂದು ದೊಡ್ಡವರು ವೇದಿಕೆ ಹತ್ತಿ ಚರ್ಚೆ ಮಾಡುತ್ತಾರೆ. ಜಾಗ ಇಲ್ಲದೆ ಏನು? ಮೊಗ್ಲಿಂಗ್ 1843ರಲ್ಲಿ ಮಂಗಳೂರು ಸಮಾಚಾರ ತಂದದ್ದಕ್ಕೆ ಪತ್ರಿಕಾ ದಿನ ಆಚರಿಸುತ್ತೇವೆ. ಕಿಟೆಲ್ 1894ರಲ್ಲಿ ಮಾಡಿದ ನಿಘಂಟು ಇಲ್ಲದೆ ಕನ್ನಡ ಪಂಡಿತರ ಮೇಜು ಪೂರ್ತಿಯಾಗುವುದಿಲ್ಲ. ಬಾಸೆಲ್ ಮಿಷನ್ನಿನ ಹೆಂಚು ಎಷ್ಟೋ ಜನಿವಾರದ ಮನೆಗಳನ್ನೂ ಮಳೆಯಿಂದ ಕಾದಿದೆ. ಕಾನ್ವೆಂಟಿನಲ್ಲಿ ಸೀಟಿಗಾಗಿ ಸಾಲು ನಿಲ್ಲುವವರು ಯಾರು, ಮಿಷನ್ ಆಸ್ಪತ್ರೆಯಲ್ಲಿ ಹೆರಿಗೆಯಾದವರು ಯಾರು? ಇದೆಲ್ಲ ಬೇಕು. ಈ ಕ್ರೈಸ್ತ ಧರ್ಮ ಒಳ್ಳೆಯದು, ಯಾಕೆಂದರೆ ಇದು ಮೇಲಿನವರಿಗೆ ಸೇವೆ ಮಾಡುತ್ತದೆ. ಅದೇ ಧರ್ಮ ಕೇರಿಯ ತಗಡಿನ ಶೆಡ್ಡಿನಲ್ಲಿ ಹಾಡು ಹೇಳಿದರೆ ಮಾತ್ರ ದೇಶಕ್ಕೆ ಗಂಡಾಂತರ. ಅಂದರೆ ಇವರಿಗೆ ತೊಂದರೆ ಏಸುವಿನಿಂದ ಅಲ್ಲ. ಕೇರಿಯವನು ಯಾರನ್ನೂ ಕೇಳದೆ ಒಂದು ತೀರ್ಮಾನ ತೆಗೆದುಕೊಂಡನಲ್ಲ, ಅದರಿಂದ.

ಅಕ್ಕಿಗಾಗಿ ಹೋದರು, ಹಾಲಿನ ಪುಡಿಗಾಗಿ ಹೋದರು ಅನ್ನುತ್ತಾರೆ. ಒಂಗೋಲಿನ ಮಾದಿಗರ ಚರಿತ್ರೆಯನ್ನು ಇವರು ಓದಲಿ. ಯರ್ರಗುಂಟ್ಲ ಪೇರಯ್ಯ ಎಂಬ ಮಾದಿಗ ಚರ್ಮದ ವ್ಯಾಪಾರಿ 1866ರಲ್ಲಿ ದೀಕ್ಷೆ ಪಡೆದು ಹಳ್ಳಿ ಹಳ್ಳಿ ತಿರುಗಿ ತಮ್ಮ ಜನಕ್ಕೆ ತಾವೇ ಹೇಳಿದರು. ದೀಕ್ಷೆ ಪಡೆದವರು ಸತ್ತ ದನದ ಮಾಂಸ ಬಿಟ್ಟರು, ಊರ ದೇವತೆಗೆ ಹಲಗೆ ಬಡಿಯುವುದನ್ನು ಬಿಟ್ಟರು, ಭಾನುವಾರ ಚಾಕರಿ ಇಲ್ಲ ಎಂದರು. ಊರಿನವರು ಬಾವಿ ಮುಚ್ಚಿ, ಕೆಲಸ ತಪ್ಪಿಸಿ ಹಿಂಸೆ ಕೊಟ್ಟರು. ಊರಿನ ಸಿಟ್ಟು ಬೈಬಲಿನ ಮೇಲಲ್ಲ, ತಪ್ಪಿಹೋದ ಬಿಟ್ಟಿ ಚಾಕರಿಯ ಮೇಲೆ. 1876ರಿಂದ 78ರ ದೊಡ್ಡ ಬರದಲ್ಲಿ ಮಿಷನರಿ ಕ್ಲೌ ಬಕಿಂಗ್‌ಹ್ಯಾಮ್ ಕಾಲುವೆಯ ಗುತ್ತಿಗೆ ಹಿಡಿದು ಹಸಿದವರಿಗೆ ಮಣ್ಣಿನ ಕೆಲಸ ಕೊಟ್ಟ. ಆ ಬರ ಇರುವ ತನಕ ಒಬ್ಬರಿಗೂ ದೀಕ್ಷೆ ಕೊಡಲಿಲ್ಲ, ಅನ್ನಕ್ಕಾಗಿ ಬಂದರು ಎಂಬ ಮಾತು ಬರಬಾರದು ಅಂತ. ಬರ ಮುಗಿದ ಮೇಲೆ 1878ರ ಜುಲೈ 3ರಂದು ಒಂದೇ ದಿನ 2,222 ಜನ ದೀಕ್ಷೆ ಪಡೆದರು. ಅನ್ನ ನಿಂತ ಮೇಲೆ ಬಂದ ಜನ ಇವರು. ಅವರು ಹೊರಟಿದ್ದು ಮಾನ ಹುಡುಕಿಕೊಂಡು.

ಆ ಮಾನ ಚರ್ಚಿನೊಳಗೆ ಸಿಕ್ಕಿತೇ? ಇಲ್ಲಿ ನಾವು ಚರ್ಚಿನ ಯಜಮಾನರ ಕಡೆ ತಿರುಗಬೇಕು. ಸರ್ಕಾರವನ್ನು ಬೈದು ನಿಮ್ಮನ್ನು ಬಿಟ್ಟರೆ ನಾವು ಅರ್ಧ ಸತ್ಯ ಹೇಳಿದಂತೆ. ಮಧುರೆಯಲ್ಲಿ ರಾಬರ್ಟ್ ಡಿ ನೊಬಿಲಿ ಕಾವಿ ಉಟ್ಟು, ಮೇಲ್ಜಾತಿಯವರನ್ನು ಸೆಳೆಯಲು ಕೆಳಜಾತಿಯವರಿಂದ ದೂರ ನಿಂತ. ಕ್ರೈಸ್ತರಾದ ಮೇಲೂ ಜನಿವಾರ, ಜುಟ್ಟು, ಗಂಧ ಇಟ್ಟುಕೊಳ್ಳಬಹುದು ಎಂದು 1623ರಲ್ಲಿ ಪೋಪ್ ಹದಿನೈದನೆಯ ಗ್ರೆಗರಿ ಒಪ್ಪಿಗೆ ಕೊಟ್ಟರು. ನಮ್ಮಂಥವರಿಗೆ ಬೇರೆ ಗುರುಗಳು, ಪಂಡಾರಸ್ವಾಮಿಗಳು. ಇಂಡಿಯಾದ ಜಾತಿ ಹೀಗೆ ರೋಮಿನ ಮುದ್ರೆ ಹಾಕಿಸಿಕೊಂಡಿತು. ತಿರುಚಿರಾಪಳ್ಳಿಯ ಮೇಲಪುದೂರಿನ ಕ್ರೈಸ್ತ ಸ್ಮಶಾನದಲ್ಲಿ ದಲಿತರ ಹೆಣಗಳನ್ನು ಬೇರೆ ಇಡಲು ಗೋಡೆ ಕಟ್ಟಿದರು. ವಿಲ್ಲುಪುರಂ ಜಿಲ್ಲೆಯ ಎರೈಯೂರಿನಲ್ಲಿ ದಲಿತ ಕ್ರೈಸ್ತರು ತಮ್ಮದೇ ಧರ್ಮಕೇಂದ್ರ ಬೇಕು ಎಂದದ್ದಕ್ಕೆ 2008ರ ಮಾರ್ಚಿನಲ್ಲಿ ಮೇಲಿನ ಜಾತಿಯ ಕ್ರೈಸ್ತರು ಅವರ ಮನೆಗಳ ಮೇಲೆ ಬಿದ್ದರು. ಪೋಲೀಸರ ಗುಂಡಿಗೆ ಇಬ್ಬರು ಸತ್ತರು. ಒಂದೇ ರೊಟ್ಟಿ ಮುರಿದು ತಿನ್ನುವ ಧರ್ಮ, ಸತ್ತ ಮೇಲೂ ಒಂದೇ ಮಣ್ಣಿಗೆ ಬಿಡುವುದಿಲ್ಲ.

ಬಾಬಾಸಾಹೇಬರು ಇದನ್ನೆಲ್ಲ ಚೆನ್ನಾಗಿ ಬಲ್ಲವರಾಗಿದ್ದರು. 1938ರ ಜನವರಿಯಲ್ಲಿ ಸೊಲ್ಲಾಪುರದಲ್ಲಿ ಕ್ರೈಸ್ತರ ಸಭೆಯಲ್ಲೇ ನಿಂತು, ದಕ್ಷಿಣದ ಚರ್ಚುಗಳಲ್ಲಿ ಜಾತಿ ಪಾಲಿಸುತ್ತಾರೆ, ರಾಜಕೀಯದಲ್ಲಿ ನೀವು ಹಿಂದೆ ಉಳಿದಿದ್ದೀರಿ ಎಂದು ಮುಖಕ್ಕೆ ಹೇಳಿದರು. ಮಹಾರ್ ಹುಡುಗ ಕ್ರೈಸ್ತನಾದರೆ ಅವನ ಸ್ಕಾಲರ್‌ಶಿಪ್ ಹೋಗುತ್ತದೆ ಎಂಬುದನ್ನೂ ಆಗಲೇ ಎತ್ತಿ ತೋರಿಸಿದರು. ಕ್ರೈಸ್ತನಾದ ಅಸ್ಪೃಶ್ಯ ತನ್ನ ಮೇಲಿನ ಅನ್ಯಾಯದ ವಿರುದ್ಧ ಏಳದೆ ಸುಮ್ಮನಾಗಿಬಿಡುತ್ತಾನೆ ಎಂಬುದು ಅವರ ದೊಡ್ಡ ಚಿಂತೆ. ಈ ಮಾತು ಚರ್ಚಿನ ಕಿವಿಗೆ ಬೀಳಬೇಕು. ಪರಲೋಕದ ಚಿಂತೆ ನಿಮ್ಮದು, ಒಪ್ಪಿದೆವು. ಆದರೆ ಇಹಲೋಕದ ಭೂಮಿ, ಶಾಲೆ, ಕಾಲೇಜು, ಆಸ್ಪತ್ರೆಯ ಆಡಳಿತ ಯಾರ ಕೈಯಲ್ಲಿದೆ? ನಿಮ್ಮ ದೊಡ್ಡ ಕಾಲೇಜುಗಳಲ್ಲಿ ಕಸ ಗುಡಿಸುವ ಕ್ರಿಶ್ಚಿಯನ್ ಯಾವ ಜಾತಿಯವನು, ಪ್ರಿನ್ಸಿಪಾಲರ ಕುರ್ಚಿಯಲ್ಲಿ ಕೂತ ಕ್ರಿಶ್ಚಿಯನ್ ಯಾವ ಜಾತಿಯವನು ಎಂಬ ಲೆಕ್ಕವನ್ನು ನೀವೇ ಅಚ್ಚು ಹಾಕಿಸಿ.

ಒಳಗಿನಿಂದ ದನಿ ಎದ್ದಿಲ್ಲ ಎಂದಲ್ಲ. ತಿರುವಾಂಕೂರಿನ ಪೊಯ್ಕಯಿಲ್ ಯೋಹನ್ನಾನ್ ಚರ್ಚಿನೊಳಗಿನ ಜಾತಿ ಕಂಡು ರೋಸಿ ಹೊರಬಂದು, ಈ ಪುಸ್ತಕದಲ್ಲಿ ನಮ್ಮ ಜನದ ಕಥೆಯೇ ಇಲ್ಲ ಎಂದು 1909ರಲ್ಲಿ ತಮ್ಮದೇ ಸಭೆ ಕಟ್ಟಿದರು. ನಮ್ಮ ಬೆಂಗಳೂರಿನಲ್ಲೇ, ಯುನೈಟೆಡ್ ಥಿಯಾಲಜಿಕಲ್ ಕಾಲೇಜಿನಲ್ಲಿ, 1981ರ ಏಪ್ರಿಲ್‌ನಲ್ಲಿ ಅರವಿಂದ ನಿರ್ಮಲ್ ಶೂದ್ರ ದೇವತಾಶಾಸ್ತ್ರದ ಮಾತು ಎತ್ತಿದರು. ದಲಿತ ದೇವತಾಶಾಸ್ತ್ರ ಎಂಬುದು ಅಲ್ಲಿಂದ ಬೆಳೆಯಿತು. ಬ್ರಾಹ್ಮಣ ತತ್ವಶಾಸ್ತ್ರದ ಜೊತೆ ಏಸುವನ್ನು ಹೊಂದಿಸಿ ಕೂತಿದ್ದ ಪಂಡಿತ ಪಾದ್ರಿಗಳಿಗೆ, ನಿಮ್ಮ ಚರ್ಚಿನಲ್ಲಿ ಕೂತಿರುವ ಹೆಚ್ಚಿನ ಜನ ಯಾರು ಎಂದು ಕೇಳಿದ ಪ್ರಶ್ನೆ ಅದು. ಅಸ್ಪೃಶ್ಯತೆ ಚರ್ಚಿನೊಳಗೂ ಇದೆ ಎಂದು ಕ್ಯಾಥೊಲಿಕ್ ಬಿಷಪ್ಪರ ಸಮ್ಮೇಳನ 2016ರ ಡಿಸೆಂಬರಿನಲ್ಲಿ ತನ್ನ ದಲಿತ ನೀತಿಯಲ್ಲಿ ಒಪ್ಪಿಕೊಂಡಿತು. 2022ರ ಆಗಸ್ಟಿನಲ್ಲಿ ಹೈದರಾಬಾದಿನ ಆಂಥೊನಿ ಪೂಲಾ ಮೊದಲ ದಲಿತ ಕಾರ್ಡಿನಲ್ ಆದರು. ಸಂತೋಷ. ಆದರೆ 1623ರಿಂದ ಲೆಕ್ಕ ಹಾಕಿ ನೋಡಿ, ಎಷ್ಟು ವರ್ಷ ಬೇಕಾಯಿತು!

ದಕ್ಷಿಣ ಆಫ್ರಿಕಾದಲ್ಲಿ ಬಿಳಿಯರ ಡಚ್ ರಿಫಾರ್ಮ್ಡ್ ಚರ್ಚು 1857ರಲ್ಲಿ, ಕೆಲವರ ದೌರ್ಬಲ್ಯದ ನೆಪ ಹೇಳಿ, ಕರಿಯರಿಗೆ ಪ್ರಭು ಭೋಜನವನ್ನು ಬೇರೆ ಇಡಲು ಬಿಟ್ಟಿತು. ದೇವರ ಮನೆಯಲ್ಲಿ ಹಾಕಿದ ಆ ಗೆರೆಯೇ ಮುಂದೆ ಇಡೀ ದೇಶದ ವರ್ಣಭೇದ ನೀತಿಗೆ ದೇವರ ಸಮ್ಮತಿಯಾಯಿತು. ಆದರೆ ಅದೇ ಪರಂಪರೆಯ ಕರಿಯರ ಚರ್ಚು 1982ರಲ್ಲಿ ಬೆಲ್ಹಾರ್ ಎಂಬಲ್ಲಿ ಎದ್ದು ನಿಂತು, ಈ ಭೇದ ಬರೀ ತಪ್ಪಲ್ಲ, ನಂಬಿಕೆಗೇ ದ್ರೋಹ ಎಂದು ಸಾರಿತು. ಅದೇ ವರ್ಷ ಜಗತ್ತಿನ ರಿಫಾರ್ಮ್ಡ್ ಚರ್ಚುಗಳ ಒಕ್ಕೂಟ ಬಿಳಿಯರ ಆ ಚರ್ಚಿನ ಸದಸ್ಯತ್ವವನ್ನು ಅಮಾನತು ಮಾಡಿತು. ನಂಬಿಕೆ ಸಾರ್ವಜನಿಕ ಬದುಕಿಗೆ ಬರುವುದು ಅಂದರೆ ಇದು. ಜಾತಿ ಪಾಲಿಸಿದ ಕಾರಣಕ್ಕೆ ಯಾವ ಚರ್ಚನ್ನು, ಯಾವ ಧರ್ಮಕೇಂದ್ರವನ್ನು ಹೀಗೆ ಪಂಕ್ತಿಯಿಂದ ಎಬ್ಬಿಸುತ್ತೀರಿ, ಬಿಷಪ್ಪರೇ?

ಆ ದಾರಿಯಲ್ಲಿ ಒಂಟಿಯಾಗಿ ನಡೆದವರಿದ್ದಾರೆ. ಬೆಂಗಳೂರಿನ ಇಂಡಿಯನ್ ಸೋಶಿಯಲ್ ಇನ್‌ಸ್ಟಿಟ್ಯೂಟಿನಲ್ಲಿ 1975ರಿಂದ 86ರ ತನಕ ಕೆಲಸ ಮಾಡಿ, ಆಮೇಲೆ ಜಾರ್ಖಂಡದ ಆದಿವಾಸಿಗಳ ಭೂಮಿಗಾಗಿ, ಜೈಲಿನಲ್ಲಿ ಕೊಳೆಯುತ್ತಿದ್ದ ಅವರ ಹುಡುಗರಿಗಾಗಿ ದುಡಿದ ಪಾದ್ರಿ ಸ್ಟ್ಯಾನ್ ಸ್ವಾಮಿಯವರನ್ನು 2020ರ ಅಕ್ಟೋಬರ್ 8ರಂದು ಬಂಧಿಸಿದರು. ಕೈ ನಡುಗುವ ಕಾಯಿಲೆಯ ಮುದುಕ ನೀರು ಕುಡಿಯಲು ಕೊಳವೆ ಇರುವ ಲೋಟ ಕೇಳಿ ಕೋರ್ಟಿಗೆ ಹೋಗಬೇಕಾಯಿತು. 2021ರ ಜುಲೈ 5ರಂದು, 84ನೇ ವಯಸ್ಸಿನಲ್ಲಿ, ಜಾಮೀನು ಸಿಗದೆ, ವಿಚಾರಣೆಯೂ ಆಗದೆ ತೀರಿಕೊಂಡರು. ಕ್ರಿಸ್‌ಮಸ್ ದಿನ ಮಂತ್ರಿಗಳ ಜೊತೆ ಕೇಕು ಕತ್ತರಿಸುವ ಕ್ರೈಸ್ತ ಧರ್ಮವೊಂದಿದೆ, ಈ ಮುದುಕನ ಕ್ರೈಸ್ತ ಧರ್ಮವೊಂದಿದೆ. ಯಾವುದು ನಮ್ಮದು ಎಂದು ಕೇರಿಯ ಕ್ರಿಶ್ಚಿಯನ್ನರು ತೀರ್ಮಾನಿಸಿಕೊಳ್ಳಬೇಕು.

ಇನ್ನು ನಮ್ಮ ರಾಜ್ಯದ ಮತಾಂತರ ತಡೆ ಕಾಯ್ದೆ. 2022ರಲ್ಲಿ ಮೊದಲು ಸುಗ್ರೀವಾಜ್ಞೆಯಾಗಿ, ಆಮೇಲೆ ಕಾಯ್ದೆಯಾಗಿ ಬಂತು. ಹೆಸರು ಮಾತ್ರ ಧಾರ್ಮಿಕ ಸ್ವಾತಂತ್ರ್ಯದ ರಕ್ಷಣೆ! ಧರ್ಮ ಬದಲಿಸುವವನು 30 ದಿನ ಮುಂಚೆ ಜಿಲ್ಲಾಧಿಕಾರಿಗೆ ತಿಳಿಸಬೇಕು. ಅವನ ನೆಂಟರು, ಜೊತೆಯ ಕೆಲಸಗಾರರು ಯಾರು ಬೇಕಾದರೂ ದೂರು ಕೊಡಬಹುದು. ತಪ್ಪು ಮಾಡಿಲ್ಲ ಎಂದು ತೋರಿಸುವ ಹೊರೆ ಆರೋಪಿಯ ಮೇಲೇ. ಬೇರೆಯವರ ವಿಚಾರದಲ್ಲಿ ಶಿಕ್ಷೆ 3ರಿಂದ 5 ವರ್ಷ, ಮತಾಂತರವಾದವರು ಪರಿಶಿಷ್ಟರು, ಹೆಂಗಸರು, ಚಿಕ್ಕ ಮಕ್ಕಳಾದರೆ 3ರಿಂದ 10 ವರ್ಷ. ನೋಡಿದಿರಾ, ನಾವು ಯಾರ ಸಾಲಿನಲ್ಲಿ? ಬುದ್ಧಿ ಬಲಿಯದ ಮಕ್ಕಳ ಸಾಲಿನಲ್ಲಿ! ವೋಟು ಹಾಕುವ ಬುದ್ಧಿ ಇದೆ, ದೇವರನ್ನು ಆರಿಸುವ ಬುದ್ಧಿ ಇಲ್ಲ. ಹಿಂದಿನ ಧರ್ಮಕ್ಕೆ ಮರಳಿದರೆ ಮಾತ್ರ ಅದು ಮತಾಂತರವೇ ಅಲ್ಲವಂತೆ. ಹೋಗುವ ಬಾಗಿಲಿಗೆ ಪೋಲೀಸ್ ಕಾವಲು, ಬರುವ ಬಾಗಿಲಿಗೆ ತೋರಣ. 2023ರ ಜೂನ್‌ನಲ್ಲಿ ಹೊಸ ಸರ್ಕಾರದ ಸಂಪುಟ ಇದನ್ನು ರದ್ದು ಮಾಡುವ ತೀರ್ಮಾನ ಮಾಡಿತು. ತೀರ್ಮಾನ ಮಾಡುವುದು ಸುಲಭ. 1956ರಲ್ಲಿ ನಾಗಪುರದಲ್ಲಿ ಲಕ್ಷಾಂತರ ಜನರ ಜೊತೆ ಧಮ್ಮ ಸ್ವೀಕರಿಸಿದ ಬಾಬಾಸಾಹೇಬರು ಈ ಕಾಯ್ದೆಯ ಕಾಲದಲ್ಲಿದ್ದರೆ ಅವರೂ ಫಾರಂ ತುಂಬಿ ತಿಂಗಳು ಕಾಯಬೇಕಿತ್ತು ಎಂಬುದನ್ನು ಜೈ ಭೀಮ್ ಅನ್ನುವ ಎಲ್ಲರೂ ನೆನಪಿಡಲಿ.

ಕೊನೆಗೆ ನಮ್ಮದೇ ಸಂಗಾತಿಗಳ ಜೊತೆ ಒಂದು ಮಾತು. ನಮ್ಮ ಸಭೆಗಳಲ್ಲೂ ಗುಸುಗುಸು ಇದೆ. ಅವರನ್ನು ಸೇರಿಸಿಕೊಂಡರೆ ನಮ್ಮ ಪಾಲು ಕಮ್ಮಿಯಾಗಲ್ವೇನಣ್ಣ? ಅವರಿಗೆ ಮಿಷನ್ ಇಸ್ಕೂಲು ಇದೆ, ನಮಗೇನಿದೆ? ಈ ಹೆದರಿಕೆ ಸುಳ್ಳಲ್ಲ. 2024ರ ಆಗಸ್ಟ್ 1ರಂದು ಸುಪ್ರೀಂ ಕೋರ್ಟು ಒಳಮೀಸಲಾತಿಗೆ ದಾರಿ ಬಿಟ್ಟಿತು. 2025ರ ಆಗಸ್ಟಿನಲ್ಲಿ ನಮ್ಮ ರಾಜ್ಯದ ಸಂಪುಟ ಶೇಕಡಾ 17ನ್ನು 6, 6, 5 ಎಂದು ಹಂಚಲು ಹೊರಟಿತು. ಆಗ ನಮ್ಮ ನಮ್ಮಲ್ಲೇ ಎಷ್ಟು ಮನಸ್ತಾಪ ಆಯಿತು ಎಂಬುದು ಗೊತ್ತೇ ಇದೆ. ಇರುವ ಒಂದು ರೊಟ್ಟಿಯ ಸುತ್ತ ಹಸಿದವರು ಹೆಚ್ಚಾದರೆ ಜಗಳ ಆಗುತ್ತದೆ. ಆದರೆ ಜಗಳ ಮಾಡಬೇಕಾದ್ದು ಪಕ್ಕದಲ್ಲಿ ಕೂತ ಹಸಿದವನ ಜೊತೆಯೇ? ರೊಟ್ಟಿ ಇಷ್ಟೇ ಎಂದು ಗೆರೆ ಎಳೆದವನ ಜೊತೆಯೇ? ತಲೆ ಹೆಚ್ಚಾದರೆ ಪಾಲೂ ಹೆಚ್ಚಬೇಕು. ಒಳಮೀಸಲಾತಿಯ ನ್ಯಾಯ ಅವರಿಗೂ ಅನ್ವಯಿಸಲಿ, ಎಣಿಸಿ ಕೊಡಲಿ.

ಇನ್ನೊಂದನ್ನು ಮರೆಯಬೇಡಿ. ನಾಗಪುರದ ದೀಕ್ಷೆಯ ನಂತರ ಬೌದ್ಧರಾದ ನಮ್ಮವರು 1956ರಿಂದ 1990ರ ತನಕ, 34 ವರ್ಷ, ಕೇಂದ್ರದ ಪಟ್ಟಿಯ ಹೊರಗೇ ನಿಂತಿದ್ದರು. ಆಗಲೂ ಇದೇ ಮಾತು: ಬುದ್ಧನಲ್ಲಿ ಜಾತಿ ಇಲ್ಲ, ನಿಮಗ್ಯಾಕೆ ಮೀಸಲಾತಿ? ಅದೇ ಗೇಟಿನ ಹೊರಗೆ ನಿಂತು ಬಂದವರು ನಾವು. ಒಳಗೆ ಬಂದ ಮೇಲೆ ನಾವೇ ಅಗಳಿ ಹಾಕುವುದು ಎಂಥ ಚೆಂದ? ಅಣ್ಣ ಮಾರಮ್ಮನ ಪೂಜೆ ಮಾಡ್ತಾನೆ, ತಮ್ಮ ಚರ್ಚಿಗೆ ಹೋಗ್ತಾನೆ, ಅವರವ್ವ ಇಬ್ಬರಿಗೂ ಒಂದೇ ಒಲೆಯಲ್ಲಿ ಮುದ್ದೆ ತೊಳಸ್ತಾಳೆ. ಆ ಮನೆಯನ್ನು ಎರಡು ಮಾಡುವ ಕೆಲಸ ನಮ್ಮ ಕೈಯಿಂದ ಆಗುವುದು ಬೇಡ.

ಆದ್ದರಿಂದ ನಾವು ಕೇಳುತ್ತಿರುವುದು ಇಷ್ಟು. 1950ರ ಆದೇಶದ ಮೂರನೇ ಪ್ಯಾರಾ ಹೋಗಬೇಕು. ಜಾತಿಯ ಏಟು ತಿಂದವನಿಗೆ ಅವನ ದೇವರು ಯಾರೆಂದು ಕೇಳದೆ ದೌರ್ಜನ್ಯ ತಡೆ ಕಾಯ್ದೆಯ ರಕ್ಷಣೆ ಸಿಗಬೇಕು. ಸಮೀಕ್ಷೆ, ಜನಗಣತಿ ಯಾವುದೇ ಇರಲಿ, ದಲಿತ ಕ್ರೈಸ್ತ ತನ್ನ ಜಾತಿಯನ್ನೂ ತನ್ನ ಧರ್ಮವನ್ನೂ ಎರಡನ್ನೂ ಭಯವಿಲ್ಲದೆ ಬರೆಸುವಂತಾಗಬೇಕು. ಹೊಸಬರು ಸೇರಿದ ಪ್ರಮಾಣಕ್ಕೆ ಮೀಸಲಾತಿಯ ಪ್ರಮಾಣ ಏರಬೇಕು. ನಮ್ಮ ರಾಜ್ಯದ ಮತಾಂತರ ಕಾಯ್ದೆ ಸಂಪುಟದ ತೀರ್ಮಾನದ ಕಾಗದದಲ್ಲಿ ಅಲ್ಲ, ವಿಧಾನಮಂಡಲದಲ್ಲಿ ರದ್ದಾಗಬೇಕು. ಚರ್ಚುಗಳು ತಮ್ಮ ಶಾಲೆ, ಕಾಲೇಜು, ಗುರುಪೀಠ, ಸ್ಮಶಾನ ಎಲ್ಲದರಲ್ಲೂ ದಲಿತರ ಪಾಲೆಷ್ಟು ಎಂದು ಬಹಿರಂಗವಾಗಿ ಲೆಕ್ಕ ಕೊಡಬೇಕು. ದಿಲ್ಲಿಯಲ್ಲಿ ಮೀಸಲಾತಿ ಕೇಳುವ ಬಿಷಪ್ಪರು ಮೊದಲು ತಮ್ಮ ಅಂಗಳದಲ್ಲಿ ಅದನ್ನು ಕೊಟ್ಟು ತೋರಿಸಲಿ.

ಮತ್ತೆ ಕೇರಿಯ ಕ್ರಿಶ್ಚಿಯನ್ ಅಣ್ಣ ತಮ್ಮಂದಿರಿಗೆ, ಅಕ್ಕ ತಂಗಿಯರಿಗೆ. ನಿಮ್ಮನ್ನು ನಮ್ಮ ಸಭೆಗಳಲ್ಲಿ ಕಾಣುವುದು ಕಮ್ಮಿ. ಪ್ರಾರ್ಥನೆ ಮಾಡಿದರೆ ಸಾಕು, ಗಲಾಟೆ ಬ್ಯಾಡ ಎಂದು ಪಾಸ್ಟರು ಹೇಳಿರಬಹುದು. ಆದರೆ ನೀವು ಪೂಜಿಸುವ ಆ ಬಡಗಿಯ ಮಗ ಸುಮ್ಮನೆ ಕೂತವನಲ್ಲ. ಮುಟ್ಟಬಾರದವರನ್ನು ಮುಟ್ಟಿದ, ದೇವಾಲಯದಲ್ಲಿ ಅಂಗಡಿ ಇಟ್ಟವರನ್ನು ಓಡಿಸಿದ, ಅಧಿಕಾರದವರ ಕೈಯಲ್ಲಿ ಸತ್ತ. ಭಾನುವಾರ ಚರ್ಚಿಗೆ ಹೋಗಿ, ಯಾರು ಬೇಡ ಅಂದರು? ಉಳಿದ ಆರು ದಿನ ಭೂಮಿಯ ಪ್ರಶ್ನೆಗೆ, ಕೂಲಿಯ ಪ್ರಶ್ನೆಗೆ, ಸ್ಮಶಾನದ ಪ್ರಶ್ನೆಗೆ ನಮ್ಮ ಜೊತೆ ನಿಲ್ಲಿ. ಶಿಲುಬೆ ಇಳಿಸದೆ ಬನ್ನಿ, ಹೆಸರು ಬಚ್ಚಿಡದೆ ಬನ್ನಿ. ಕೇರಿ ಒಂದೇ ಆಗಿರುವಾಗ ಹೋರಾಟ ಎರಡು ಆಗಬೇಕಾಗಿಲ್ಲ.

ಜೈ ಭೀಮ್.